ಆಟಿ ತಿಂಗಳು ತಪ್ಪು ಉತ್ತರವಲ್ಲ: ಡೊಂಬಿವಲಿಯ ಒಂದು ಆಲ್ಝೈಮರ್ ಪ್ರಕರಣ

ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವುದನ್ನು ಒಟ್ಟುಗೂಡಿಸಿ ಕಟ್ಟಿದ ಮಾದರಿ ಪ್ರಕರಣ ಇದು. ಇಲ್ಲಿರುವ ಔಷಧದ ಪ್ರಮಾಣಗಳು ಈ ರೋಗಿಯ ವಯಸ್ಸು, ತೂಕ, ಕಿಡ್ನಿ ನೋಡಿ ಹಾಕಿದವು. ಇದನ್ನು ಓದಿ ಯಾರೂ ಮಾತ್ರೆ ಶುರು ಮಾಡುವುದಾಗಲಿ ನಿಲ್ಲಿಸುವುದಾಗಲಿ ಬೇಡ.

ಬದ್ಲಾಪುರದಲ್ಲಿ ಸಿಕ್ಕಿದರು

ರೋಗಿಗೆ 71 ವರ್ಷ. ಊರು ಉಡುಪಿ ಕಡೆ. ಹನ್ನೆರಡರ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತುತ್ತ, ಕನ್ನಡ ರಾತ್ರಿ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದವರು. ಆಮೇಲೆ ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ನಲವತ್ತು ವರ್ಷ ಕೂತರು. ಮನೆಮಾತು ತುಳು, ಓದು ಬರಹ ಕನ್ನಡ, ಗಿರಾಕಿಗಳ ಜೊತೆ ಹಿಂದಿ, ಮರಾಠಿ. ಈಗ ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ ಹೆಂಡತಿ, ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದಾರೆ. ಬಿ.ಪಿ. 15 ವರ್ಷದ್ದು, ಸಕ್ಕರೆ ಕಾಯಿಲೆ 12 ವರ್ಷದ್ದು.

ಹಳೆಯ ಹೋಟೆಲಿನವರನ್ನು ಮಾತಾಡಿಸಿ ಬರುತ್ತೇನೆಂದು ಹೋದವರು ವಾಪಸು ಬರುವಾಗ ಡೊಂಬಿವಲಿಯಲ್ಲಿ ಇಳಿಯಲಿಲ್ಲ. ಕಲ್ಯಾಣ ದಾಟಿ ಬದ್ಲಾಪುರದ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ರಾತ್ರಿ ಹತ್ತಕ್ಕೆ ಸಿಕ್ಕಿದರು. ಜೇಬಿನಲ್ಲಿ ಫೋನ್ ಇತ್ತು. ಅದರಿಂದ ಮನೆಗೆ ಕರೆ ಮಾಡಬಹುದೆಂಬುದೇ ಅವರಿಗೆ ಹೊಳೆದಿರಲಿಲ್ಲ. ವೈದ್ಯರಿಗೆ ಮುಖ್ಯವಾದದ್ದು ಈ ಎರಡನೆಯ ಸಂಗತಿ. ನಿದ್ದೆ ಹತ್ತಿ ಸ್ಟೇಷನ್ ತಪ್ಪುವುದು ಯಾರಿಗೂ ಆಗಬಹುದು. ತಪ್ಪಿದ ಮೇಲೆ ಅದನ್ನು ಸರಿಪಡಿಸಿಕೊಳ್ಳಲು ಆಗದಿರುವುದು ಬೇರೆ ವಿಷಯ.

ಮರೆವು ಯಾವಾಗಿನಿಂದ ಎಂದು ಕೇಳಿದರೆ ಮಗ ಮೂರು ತಿಂಗಳೆಂದ, ಹೆಂಡತಿ ಎರಡು ವರ್ಷವೆಂದರು. ಸೊಸೆ ಮಾವನ ಎದುರು ಬಾಯಿ ಬಿಡಲಿಲ್ಲ. ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಕೇಳಿದಾಗ ನಿಜವಾದ ಚಿತ್ರ ಬಂತು. ಫ್ರಿಜ್ಜಿನಲ್ಲಿ ಐದು ಕಟ್ಟು ಕೊತ್ತಂಬರಿ, ಯಾಕೆಂದರೆ ಮಾವ ದಿನಾ ಸಂಜೆ ಒಂದು ಕಟ್ಟು ತರುತ್ತಾರೆ. ಸೊಸೈಟಿಯ ಮೆಂಟೆನೆನ್ಸ್ ಚೆಕ್ಕನ್ನು ಒಂದೇ ತಿಂಗಳಲ್ಲಿ ಎರಡು ಸಲ ಕೊಟ್ಟಿದ್ದಾರೆ. ಹೋಟೆಲಿನ ಕೊನೆಯ ವರ್ಷದಲ್ಲಿ ಚಿಲ್ಲರೆ ಒಂದು ರೂಪಾಯಿಯೂ ತಪ್ಪಿರಲಿಲ್ಲ. ಆದರೆ ಯಾರ ಉದ್ರಿ ಎಷ್ಟು, ಯಾರು ನಿನ್ನೆ ಕೊಟ್ಟು ಹೋದರು ಎಂಬುದನ್ನು ಮಾಲೀಕರು ಕದ್ದು ಕದ್ದು ತಿದ್ದುತ್ತಿದ್ದರಂತೆ.

“ಮರೆವು ಇದೆಯಾ?” ಎಂಬ ಪ್ರಶ್ನೆಗೆ ಎಪ್ಪತ್ತು ದಾಟಿದ ಯಾರ ಮನೆಯಲ್ಲೂ “ಇದೆ” ಎಂದೇ ಉತ್ತರ ಬರುತ್ತದೆ. ಕೇಳಬೇಕಾದ್ದು “ಎರಡು ವರ್ಷದ ಹಿಂದೆ ಒಬ್ಬರೇ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬೇರೆಯವರು ಮಾಡಿಕೊಡುತ್ತಿದ್ದೀರಿ?” ಎಂದು. ಔಷಧ ತೆಗೆದುಕೊಳ್ಳುವುದು, ಬ್ಯಾಂಕು, ಪೇಟೆ, ಪ್ರಯಾಣ, ಗ್ಯಾಸ್: ಈ ಐದರಲ್ಲಿ ಇವರಿಗೆ ನಾಲ್ಕು ಕೈತಪ್ಪಿದ್ದವು. ಸ್ನಾನ, ಬಟ್ಟೆ, ಊಟ ಸ್ವಂತ ನಡೆಯುತ್ತಿದ್ದವು. ಅಂದರೆ ಕಾಯಿಲೆ ಇನ್ನೂ ಮೊದಲ ಹಂತದ್ದು.

17 ಅಂಕ ಮತ್ತು 22 ಅಂಕ

ಜುಲೈ ಕೊನೆಯ ವಾರ ಬೇರೆ ಕಡೆ ಮಾಡಿಸಿದ, ನೆನಪು, ಗಮನ, ಭಾಷೆ ಅಳೆಯುವ ಎಂ.ಎಂ.ಎಸ್.ಇ. ಪರೀಕ್ಷೆಯ ಹಾಳೆಯನ್ನು ಮಗ ತಂದಿದ್ದ. 30ಕ್ಕೆ 17. ಅದನ್ನು ಹಿಂದಿಯಲ್ಲಿ ಮಾಡಿದ್ದರು. ಒಂದೊಂದೇ ಸಾಲು ನೋಡಿದರೆ ಅಂಕ ಹೋದದ್ದು ಎಲ್ಲೆಲ್ಲಿ ಎಂಬುದು ತಿಳಿಯುತ್ತದೆ. ದೇವನಾಗರಿಯಲ್ಲಿ ಬರೆದ “ಕಣ್ಣು ಮುಚ್ಚಿ” ಎಂಬ ಸಾಲನ್ನು ಓದಲಾಗಲಿಲ್ಲ, ಒಂದು ಅಂಕ ಹೋಯಿತು. ಹಿಂದಿಯಲ್ಲಿ ವಾಕ್ಯ ಬರೆಯಲಾಗಲಿಲ್ಲ, ಇನ್ನೊಂದು. ಹಿಂದಿ ವಾಕ್ಯ ಹೇಳಿದಂತೆ ಹೇಳುವಾಗ ತೊಡರಿದರು, ಮತ್ತೊಂದು. ಮೂರು ಪದಗಳಲ್ಲಿ ಒಂದು ಕೇಳಿಸಲೇ ಇಲ್ಲ, ಯಾಕೆಂದರೆ ಎರಡೂ ಕಿವಿಯಲ್ಲಿ ಗುಗ್ಗೆ ಕಟ್ಟಿತ್ತು. ಇದು ಯಾವ ತಿಂಗಳು ಎಂದಾಗ “ಆಟಿ” ಎಂದರು. ಪರೀಕ್ಷೆ ಮಾಡಿದವರು ಅಲ್ಲಿ ಸೊನ್ನೆ ಹಾಕಿದ್ದರು. ಜುಲೈ ಕೊನೆಗೆ ತುಳುನಾಡಿನಲ್ಲಿ ಆಟಿಯೇ ನಡೆಯುತ್ತಿರುತ್ತದೆ. ಉತ್ತರ ಸರಿ ಇತ್ತು.

ಗುಗ್ಗೆ ತೆಗೆಸಿ, ಕನ್ನಡದಲ್ಲಿ ಅದೇ ಪರೀಕ್ಷೆ ಮಾಡಿದಾಗ 22 ಬಂತು. ಮೆದುಳು ಅಷ್ಟೇ ಇದ್ದರೂ ಐದು ಅಂಕ ಏರಿತು. ಓದಿದ ಭಾಷೆ ಕನ್ನಡವಾದರೆ ಪರೀಕ್ಷೆ ಕನ್ನಡದಲ್ಲೇ ಆಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ಸಿದ್ಧಪಡಿಸಿದ ಪರೀಕ್ಷೆಗಳ ಗಂಟು ಕನ್ನಡದಲ್ಲೂ ಇದೆ, ಎ.ಸಿ.ಇ.-3 ಎಂಬ ನೂರು ಅಂಕದ ಪರೀಕ್ಷೆಗೂ ಕನ್ನಡ ರೂಪ ಇದೆ. ಡೊಂಬಿವಲಿ, ಥಾಣೆಯಲ್ಲಿ ಕನ್ನಡ ಬಲ್ಲ ಮನಃಶಾಸ್ತ್ರಜ್ಞರು ಸಿಗದಿದ್ದರೆ ಕುಟುಂಬದವರನ್ನೇ ದುಭಾಷಿ ಮಾಡುವುದುಂಟು. ಅದು ಕೆಡುವ ದಾರಿ. ಮಗಳೋ ಮಗನೋ ಉತ್ತರವನ್ನು ಅರ್ಧ ಹೇಳಿಕೊಟ್ಟು ಬಿಡುತ್ತಾರೆ. ಕನ್ನಡ ಬಲ್ಲ ಒಬ್ಬ ನರ್ಸು ಇದ್ದರೆ ಅವರು ಮೇಲು.

ಇದಕ್ಕೆ ಎದುರಾದ ಮೋಸವೂ ಒಂದಿದೆ. ನೂರರಿಂದ ಏಳೇಳು ಕಳೆಯಿರಿ ಎಂದಾಗ ಇವರು ಹಿಂದಿಗೆ ಜಾರಿ, “ತಿರಾನವೇ, ಛಿಯಾಸೀ, ಉನಾಸೀ, ಬಹತ್ತರ್, ಪೈಂಸಠ್” ಎಂದು ಉಸಿರು ತೆಗೆಯದೆ ಹೇಳಿದರು. ಐದಕ್ಕೆ ಐದು. ನಲವತ್ತು ವರ್ಷ ಗಲ್ಲೆಯಲ್ಲಿ ಕೂತ ನಾಲಗೆಯ ಅಭ್ಯಾಸ ಅದು. ಆ ಸಾಲಿನ ಪೂರ್ಣ ಅಂಕ ನೋಡಿ “ಬುದ್ಧಿ ಚೆನ್ನಾಗಿದೆ” ಎಂದರೆ ಕಾಯಿಲೆ ಕಣ್ಣಿಗೆ ಬೀಳುವುದಿಲ್ಲ. ವೃತ್ತಿಯಲ್ಲಿ ಹಾಡಿದ ಹಾಡಾದ ಕೌಶಲ ಬಹುಕಾಲ ಉಳಿಯುತ್ತದೆ.

ಮೊದಲು ಮಾತ್ರೆಗಳ ಚೀಲ

ಮಾತ್ರೆಗಳನ್ನು ಚೀಲದ ಸಮೇತ ತನ್ನಿ ಎಂದಿದ್ದಕ್ಕೆ ಹನ್ನೊಂದು ಬಗೆಯ ಸ್ಟ್ರಿಪ್ ಬಂದವು. ಪಾದದ ಉರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 25 ಮಿ.ಗ್ರಾಂ. ಪದೇ ಪದೇ ಮೂತ್ರಕ್ಕೆ ಆಕ್ಸಿಬ್ಯುಟಿನಿನ್ 5 ಮಿ.ಗ್ರಾಂ, ದಿನಕ್ಕೆ ಎರಡು. ಜೊತೆಗೆ ಎರಡು ‘ನೆನಪಿನ’ ಮಾತ್ರೆಗಳು, ಅವುಗಳಿಂದ ಪ್ರಯೋಜನವಾಗುವುದಕ್ಕೆ ಗಟ್ಟಿ ಆಧಾರವಿಲ್ಲ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುವವು ಮೊದಲಿನ ಎರಡು. ಆಲ್ಝೈಮರ್‌ನಲ್ಲಿ ಅದೇ ರಾಸಾಯನಿಕ ಕಡಿಮೆಯಾಗಿರುತ್ತದೆ. ಅದಿಲ್ಲದವರಿಗೂ ಈ ಮಾತ್ರೆಗಳು ಮಂಕು ತರಿಸುತ್ತವೆ.

ಅಮಿಟ್ರಿಪ್ಟಿಲಿನ್ನನ್ನು 10ಕ್ಕೆ ಇಳಿಸಿ ಎರಡು ವಾರದ ನಂತರ ನಿಲ್ಲಿಸಿದೆವು. ಆಕ್ಸಿಬ್ಯುಟಿನಿನ್ ಕೂಡಲೇ ನಿಂತಿತು. ಮೂತ್ರದ ತೊಂದರೆಗೆ ಹೊಟ್ಟೆಯ ಸೋನೋಗ್ರಫಿ ಅದುವರೆಗೆ ಯಾರೂ ಮಾಡಿಸಿರಲಿಲ್ಲ. ಪ್ರಾಸ್ಟೇಟ್ 42 ಗ್ರಾಂ, ಮೂತ್ರ ಮಾಡಿದ ಮೇಲೂ 90 ಮಿ.ಲೀ. ಉಳಿದಿತ್ತು. ಅಂದರೆ ಮೂತ್ರ ಪೂರ್ತಿ ಹೋಗದವರಿಗೆ ಮೂತ್ರ ತಡೆಯುವ ಮಾತ್ರೆ ಕೊಟ್ಟ ಹಾಗಾಗಿತ್ತು. ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ ರಾತ್ರಿ ಕೊಟ್ಟು, ನಿಂತಾಗ ಬಿ.ಪಿ. ಇಳಿಯುತ್ತದೆಯೇ ಎಂದು ಮೂರನೇ ದಿನ ನೋಡಿದೆವು.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್, ಸೋಡಿಯಂ, ಕ್ಯಾಲ್ಸಿಯಂ, ಲಿವರ್ ಸರಿ ಇದ್ದವು. ಸಿಫಿಲಿಸ್, ಎಚ್.ಐ.ವಿ. ಇರಲಿಲ್ಲ. ಬಿ12 ಮಾತ್ರ ಕಡಿಮೆ, 148 ಪಿಕೋಗ್ರಾಂ. ಹನ್ನೆರಡು ವರ್ಷ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿಂದವರಲ್ಲಿ ಇದು ಆಶ್ಚರ್ಯವಲ್ಲ, ಪಾದದ ಉರಿಗೂ ಇದು ಒಂದು ಕಾರಣ. ಇಂಜೆಕ್ಷನ್ 1000 ಮೈಕ್ರೋಗ್ರಾಂ ದಿನ ಬಿಟ್ಟು ದಿನ ಎರಡು ವಾರ, ಮತ್ತೆ ವಾರಕ್ಕೊಂದು ಒಂದು ತಿಂಗಳು, ಆಮೇಲೆ ತಿಂಗಳಿಗೊಂದು. ಮೂರು ತಿಂಗಳ ಸರಾಸರಿ ಸಕ್ಕರೆ 6.2 ಶೇಕಡಾ. ಕುಟುಂಬದವರು ಇದನ್ನು ಹೆಮ್ಮೆಯಿಂದ ತೋರಿಸಿದರು. ಊಟ ಮಾಡಿದ್ದೇ ಮರೆಯುವವರಿಗೆ ಗ್ಲಿಮಿಪಿರೈಡ್ ಕೊಟ್ಟು ಸಕ್ಕರೆಯನ್ನು ಇಷ್ಟು ಬಿಗಿ ಹಿಡಿಯುವುದು ಅಪಾಯ. ಬೆಳಗಿನ ಜಾವ ಬೆವರಿ ತಡಬಡಾಯಿಸುತ್ತಾರೆ ಎಂದು ಹೆಂಡತಿ ಹೇಳಿದ್ದರ ಗುಟ್ಟು ಸಕ್ಕರೆ ತೀರಾ ಇಳಿಯುವುದೇ. ಆ ಮಾತ್ರೆ ನಿಂತಿತು. ಇಂಥವರಿಗೆ 8ರ ಒಳಗಿದ್ದರೆ ಸಾಕು.

ಎಂಟು ವಾರ ಕಳೆದ ಮೇಲೆ ಹಗಲಿನ ತೂಕಡಿಕೆ ಹೋಯಿತು, ಮಾತು ಚುರುಕಾಯಿತು. ಮಗನಿಗೆ ಅಪ್ಪ ಗುಣವಾದರೆಂದೇ ಅನಿಸಿತು. ಎ.ಸಿ.ಇ.-3 ಬೇರೆ ಹೇಳಿತು. ಗಮನ 18ಕ್ಕೆ 14, ಭಾಷೆ 26ಕ್ಕೆ 21, ಚಿತ್ರ ಮತ್ತು ಆಕಾರ 16ಕ್ಕೆ 12, ಪದಗಳ ಓಟ 14ಕ್ಕೆ 6, ನೆನಪು 26ಕ್ಕೆ 9. ಒಟ್ಟು 62. ಐದು ಗಂಟೆ ಹತ್ತು ನಿಮಿಷದ ಗಡಿಯಾರ ಬರೆಯಿರಿ ಎಂದಾಗ ಚಿಕ್ಕ ಮುಳ್ಳನ್ನು ಐದಕ್ಕೆ, ದೊಡ್ಡ ಮುಳ್ಳನ್ನು ನೇರ ಹತ್ತು ಎಂಬ ಅಂಕಿಗೇ ಇಟ್ಟರು. ಒಂದು ನಿಮಿಷದಲ್ಲಿ ಎಂಟು ಪ್ರಾಣಿಗಳ ಹೆಸರು ಬಂದವು, ಕನ್ನಡ ತುಳು ಎರಡನ್ನೂ ಸೇರಿಸಿ ಎಣಿಸಿದರೂ ಅಷ್ಟೇ.

ರೋಗ ಯಾವುದೆಂದು ತಿಳಿಸಿದ್ದು ಹೆಸರು ಮತ್ತು ವಿಳಾಸ ನೆನಪಿಡುವ ಭಾಗ. ಕೇಳಿದ ಕೂಡಲೇ ಸರಿಯಾಗಿ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಏನೂ ಇಲ್ಲ. ಮೂರು ಉತ್ತರ ಕೊಟ್ಟು ಯಾವುದು ಸರಿ ಎಂದು ಆರಿಸಲು ಹೇಳಿದರೂ ಊಹೆ ಮಾಡಿದರು. “ವಿಳಾಸ ನೀವು ಹೇಳಿಯೇ ಇಲ್ಲ” ಎಂದರು. ಖಿನ್ನತೆಯಲ್ಲೋ ಬಿ12 ಕೊರತೆಯಲ್ಲೋ ಸುಳಿವು ಕೊಟ್ಟರೆ ಬಹುಮಟ್ಟಿಗೆ ನೆನಪು ಎದ್ದು ಬರುತ್ತದೆ. ಇಲ್ಲಿ ಸುಳಿವಿಗೂ ಏಳದ್ದು ಹೊಸ ನೆನಪು ಕೂಡಿಡುವ ಮೆದುಳಿನ ಭಾಗವಾದ ಹಿಪೊಕ್ಯಾಂಪಸ್ ಕಡೆ ಬೆರಳು ಮಾಡುತ್ತದೆ. ಖಿನ್ನತೆಯ ಪ್ರಶ್ನಾವಳಿಯಲ್ಲಿ 15ಕ್ಕೆ 4, ಅದೂ ಪಕ್ಕಕ್ಕೆ ಸರಿಯಿತು.

ಎಂ.ಆರ್.ಐ. ವರದಿಯ ಕೊನೆಯ ಸಾಲು “ವಯಸ್ಸಿಗೆ ತಕ್ಕ ಮೆದುಳಿನ ಕುಗ್ಗುವಿಕೆ”. ಅರವತ್ತು ದಾಟಿದವರ ವರದಿಯಲ್ಲೆಲ್ಲ ಈ ಸಾಲು ಅಚ್ಚೊತ್ತಿರುತ್ತದೆ. ಫಿಲ್ಮನ್ನೇ ನೋಡಬೇಕು, ಅದರಲ್ಲೂ ಹಿಪೊಕ್ಯಾಂಪಸ್ಸಿಗೆ ಅಡ್ಡವಾಗಿ ಕತ್ತರಿಸಿದ ಕರೋನಲ್ ಟಿ1 ಚಿತ್ರಗಳನ್ನು. ಆ ಭಾಗ ಎಷ್ಟು ಕುಗ್ಗಿದೆ ಎಂಬುದಕ್ಕೆ ಸ್ಕೆಲ್ಟೆನ್ಸ್ ಅಳತೆಯಲ್ಲಿ 0ಯಿಂದ 4. ಇವರದು ಎಡಕ್ಕೆ 3, ಬಲಕ್ಕೆ 2. 75ರೊಳಗಿನವರಿಗೆ 2 ಬಂದರೇ ಅದು ಹೆಚ್ಚು. ಸಣ್ಣ ರಕ್ತನಾಳದ ಹಾನಿ ಅಷ್ಟಾಗಿ ಇರಲಿಲ್ಲ, ತಲೆಬುರುಡೆಯೊಳಗೆ ಹಳೆಯ ರಕ್ತಸ್ರಾವ ಇರಲಿಲ್ಲ. ಇಲ್ಲದ ಮನುಷ್ಯರು ಕಾಣಿಸುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು, ಕಾಲು ಎಳೆದು ನಡೆಯುವುದು ಇವು ಯಾವುವೂ ಇಲ್ಲದ್ದರಿಂದ ಲೂಯಿ ಬಾಡಿ ಎಂಬ ಇನ್ನೊಂದು ಬಗೆಯ ಮರೆವಿನ ಕಾಯಿಲೆಯನ್ನೂ ಮೆದುಳಲ್ಲಿ ನೀರು ತುಂಬುವ ಕಾಯಿಲೆಯನ್ನೂ ಬಿಟ್ಟೆವು.

ಆಲ್ಝೈಮರ್‌ನಲ್ಲಿ ಮೆದುಳಲ್ಲಿ ಸೇರುವ ಅಮಿಲಾಯ್ಡ್ ಪ್ರೋಟೀನನ್ನು ತೋರಿಸುವ ಪೆಟ್ ಸ್ಕ್ಯಾನ್, ಬೆನ್ನುಹುರಿ ನೀರಿನ ಪರೀಕ್ಷೆ ಮಾಡಿಸಲಿಲ್ಲ. 2023ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. ಪೂರ್ಣ ಒಪ್ಪಿಗೆ ಕೊಟ್ಟ ಆಲ್ಝೈಮರ್ ಔಷಧ ಲೆಕಾನೆಮ್ಯಾಬ್ ಬಗ್ಗೆ ಮಗ ವಾಟ್ಸಾಪಿನಲ್ಲಿ ಓದಿ ಬಂದಿದ್ದ. ಎರಡು ವಾರಕ್ಕೊಮ್ಮೆ ಡ್ರಿಪ್, ನಡುನಡುವೆ ಎಂ.ಆರ್.ಐ., ಮೆದುಳಲ್ಲಿ ಊತ ಬರುವ ಸಾಧ್ಯತೆ ದೊಡ್ಡ ಪ್ರಯೋಗದಲ್ಲಿ ಶೇ. 12.6. ಹದಿನೆಂಟು ತಿಂಗಳಲ್ಲಿ ಸಿಕ್ಕ ಲಾಭ 18 ಅಂಕದ ಅಳತೆಗೋಲಿನಲ್ಲಿ 0.45. ರೋಗ ಇಳಿಯುವ ವೇಗ ತಗ್ಗುತ್ತದೆ, ಕಳೆದದ್ದು ಮರಳುವುದಿಲ್ಲ. ಅಂಕಿಗಳನ್ನು ಎದುರಿಗಿಟ್ಟು ಮಾತಾಡಿದ ಮೇಲೆ ಕುಟುಂಬದವರೇ ಬೇಡವೆಂದರು. ಆ ದಾರಿಗೆ ಹೋಗದಿದ್ದರೆ ಪೆಟ್ ಸ್ಕ್ಯಾನಿನ ಫಲಿತಾಂಶದಿಂದ ಇವರ ಚಿಕಿತ್ಸೆಯಲ್ಲಿ ಬದಲಾಗುವುದು ಏನೂ ಇರಲಿಲ್ಲ.

ಹೆಸರು ಹೇಳುವುದು

“ಡಾಕ್ಟ್ರೇ, ಅಪ್ಪನ ಎದುರು ಕಾಯಿಲೆ ಹೆಸರು ಎತ್ಬೇಡಿ” ಎಂದು ಮಗ ಬಾಗಿಲಲ್ಲೇ ಹೇಳಿದ. ರೋಗಿಯನ್ನೇ ಕೇಳಿದೆವು: ನಿಮಗೆ ಏನಾಗುತ್ತಿದೆ ಎಂದು ತಿಳಿಯಬೇಕಾ? “ಬೇಕು. ಲೆಕ್ಕ ಸರಿ ಉಂಟು. ಬೆಳಿಗ್ಗೆ ಏನಾಯ್ತು ಅಂತ ಮಾತ್ರ ಸಿಕ್ಕುದಿಲ್ಲ.” ನೆನಪಿನ ಕಾಯಿಲೆ, ಆಲ್ಝೈಮರ್ ಅಂತ ಹೆಸರು, ನಿಧಾನಕ್ಕೆ ಹೆಚ್ಚಾಗುತ್ತದೆ, ಮುಖ್ಯವಾದ ತೀರ್ಮಾನಗಳನ್ನು ಈಗ ನೀವೇ ಮಾಡಬಹುದು ಎಂದು ಮೂರು ಮಾತಲ್ಲಿ ಹೇಳಿದೆವು. ಸ್ವಲ್ಪ ಹೊತ್ತು ಬಿಟ್ಟು, “ಹಾಗಾದ್ರೆ ಹುಚ್ಚು ಅಲ್ಲ, ಅಲ್ವಾ?” ಎಂದರು. ಅಲ್ಲ ಎಂದಾಗ ಹೆಂಡತಿಯ ಕಡೆ ತಿರುಗಿ ತುಳುವಿನಲ್ಲಿ ಏನೋ ಹೇಳಿ ನಕ್ಕರು.

ತೀರ್ಮಾನಗಳೆಂದರೆ ಹಣ ಮತ್ತು ಮನೆ. ಎಲ್ಲರೂ ಮೊದಲು ಹೇಳುವುದು ಪವರ್ ಆಫ್ ಅಟಾರ್ನಿ. ಅದನ್ನು ನಂಬಿ ಕೂತರೆ ಕೆಡುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದ ದಿನ ಆ ಪತ್ರದ ಬಲವೂ ಮುಗಿಯುತ್ತದೆ. ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಆಮೇಲೆ ಉಳಿಯುವುದು ಪೋಷಕರ ನೇಮಕಕ್ಕೆ ಬಾಂಬೆ ಹೈಕೋರ್ಟಿನ ಮೆಟ್ಟಿಲು. ಇವರು ತಿಂಗಳೊಳಗೆ ಬ್ಯಾಂಕ್ ಖಾತೆಯನ್ನು ಹೆಂಡತಿಯ ಜೊತೆ ಜಂಟಿ ಮಾಡಿದರು, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯುವಂತೆ. ಫ್ಲ್ಯಾಟಿಗೆ ನಾಮಿನಿ ಹಾಕಿಸಿ, ವಿಲ್ ಬರೆಸಿ, ಅದೇ ದಿನದ ವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಿದರು. ತಾನು ಏನು ಬರೆಸುತ್ತಿದ್ದೇನೆ, ಯಾರಿಗೆ, ಯಾಕೆ ಎಂದು ಅವರು ತಮ್ಮ ಮಾತಲ್ಲೇ ಹೇಳಿದ್ದನ್ನು ಪ್ರಮಾಣಪತ್ರದಲ್ಲಿ ಬರೆಯುವುದು ಅಗತ್ಯ. “ಆರೋಗ್ಯವಾಗಿದ್ದಾರೆ” ಎಂಬ ಒಂದು ಸಾಲು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಡೊನೆಪೆಜಿಲ್

ಡೊನೆಪೆಜಿಲ್ ಮೆದುಳಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚಿಸುವ ಆಲ್ಝೈಮರ್ ಮಾತ್ರೆ. ಅದನ್ನು ಬರೆಯುವ ಮೊದಲು ಇ.ಸಿ.ಜಿ. ಮಾಡಿಸಿದೆವು. ನಾಡಿ 52. ಬಿ.ಪಿ.ಗೆ ಅಟೆನೊಲಾಲ್ 50 ಮಿ.ಗ್ರಾಂ ತಿನ್ನುತ್ತಿದ್ದರು. ಇದರ ಮೇಲೆ ಡೊನೆಪೆಜಿಲ್ ಹಾಕಿದ್ದರೆ ನಾಡಿ ಇನ್ನೂ ಇಳಿದು ಬಾತ್‌ರೂಮಿನಲ್ಲಿ ತಲೆತಿರುಗಿ ಬೀಳುತ್ತಿದ್ದರು. ಅಟೆನೊಲಾಲನ್ನು ಒಮ್ಮೆಲೇ ಬಿಡಬಾರದು. 25ಕ್ಕೆ ಇಳಿಸಿ ಎರಡು ವಾರ ಬಿಟ್ಟು ನಿಲ್ಲಿಸಿ, ಟೆಲ್ಮಿಸಾರ್ಟನ್ 40 ಸೇರಿಸಿದೆವು. ನಾಡಿ 66ಕ್ಕೆ ಬಂದ ಮೇಲೆ ಡೊನೆಪೆಜಿಲ್ 5 ಮಿ.ಗ್ರಾಂ ರಾತ್ರಿ ಊಟದ ನಂತರ. ಹತ್ತನೇ ದಿನಕ್ಕೆ ಕೆಟ್ಟ ಕನಸುಗಳು ಶುರುವಾದವು. ಮಾತ್ರೆಯನ್ನು ಬೆಳಗಿನ ತಿಂಡಿಯ ನಂತರಕ್ಕೆ ಹಾಕಿದಾಗ ನಿಂತವು. ಆರು ವಾರಕ್ಕೆ 10 ಮಿ.ಗ್ರಾಂ ಮಾಡಿದೆವು. ಮೂರು ತಿಂಗಳಲ್ಲಿ ತೂಕ 58ರಿಂದ 54 ಕಿಲೋಗೆ ಇಳಿಯಿತು, ಭೇದಿಯೂ ಇತ್ತು. ಮತ್ತೆ 5ಕ್ಕೆ ತಂದೆವು. ತೂಕ ನೋಡದೆ ಈ ಮಾತ್ರೆ ಮುಂದುವರಿಸುವುದು ಸಾಮಾನ್ಯ ತಪ್ಪು; ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ ಕ್ಯಾಲೆಂಡರಿನಲ್ಲಿ ಬರೆಯಿರಿ ಎಂದು ಸೊಸೆಗೆ ಹೇಳಿದ್ದೆವು, ಹಾಗಾಗಿ ತಿಳಿಯಿತು.

ಈ ಮಾತ್ರೆಯಿಂದ ಮೂತ್ರದ ಅವಸರವೂ ಹೆಚ್ಚುತ್ತದೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಅದಕ್ಕೆ ಮತ್ತೆ ಆಕ್ಸಿಬ್ಯುಟಿನಿನ್ ಬರೆದು ಕೊಟ್ಟರು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಸೊಸೆ ಚೀಟಿಯ ಫೋಟೋ ಕಳಿಸಿ ಕೇಳಿದ್ದರಿಂದ ಅದು ಹೊಟ್ಟೆ ಸೇರಲಿಲ್ಲ. ಎರಡೂವರೆ ಗಂಟೆಗೊಮ್ಮೆ ಬಾತ್‌ರೂಮಿಗೆ ಕರೆದೊಯ್ಯುವುದು, ಸಂಜೆ ಆರರ ನಂತರ ಚಹಾ ಬೇಡ; ಇಷ್ಟರಲ್ಲೇ ಸರಿಹೋಯಿತು.

ರಾತ್ರಿ ಒಂಬತ್ತೂವರೆ

ದಿನಾ ರಾತ್ರಿ ಒಂಬತ್ತೂವರೆಗೆ ಇವರು ಅಂಗಿ ಹಾಕಿಕೊಂಡು ಬಾಗಿಲಿಗೆ ಬರುತ್ತಿದ್ದರು. ಹೋಟೆಲು ಮುಚ್ಚಬೇಕು, ಗಲ್ಲೆ ಲೆಕ್ಕ ಆಗಿಲ್ಲ. “ಅಪ್ಪಾ, ನೀವು ಬಿಟ್ಟು ಎಷ್ಟು ಕಾಲ ಆಯ್ತು!” ಎಂದು ಮಗ ವಾದಕ್ಕೆ ನಿಂತರೆ ಹನ್ನೊಂದರವರೆಗೆ ಕೂಗಾಟ. ಸೊಸೆ ಒಂದು ದಿನ ಸ್ಟೀಲ್ ಡಬ್ಬಿ ತುಂಬ ಚಿಲ್ಲರೆ, ಹಳೆಯ ಹತ್ತರ ನೋಟುಗಳನ್ನು ಮುಂದಿಟ್ಟು, “ಮಾವ, ಲೆಕ್ಕ ನೋಡಿ ಕೊಡಿ” ಎಂದರು. ಒಂದು, ಎರಡು, ಐದರ ನಾಣ್ಯಗಳನ್ನು ಹತ್ತು ಹತ್ತರಂತೆ ಪೇರಿಸಿ, ನೋಟುಗಳನ್ನು ಒಂದೇ ಮುಖಕ್ಕೆ ತಿರುಗಿಸಿ, ರಬ್ಬರ್ ಬ್ಯಾಂಡ್ ಹಾಕಿ, ಒಟ್ಟು ಹೇಳಿ, ಹೋಗಿ ಮಲಗಿದರು. ಆಮೇಲೆ ದಿನಾ ಅದೇ. ಯಾವ ನಿದ್ದೆ ಮಾತ್ರೆಯೂ ಇಷ್ಟು ಕೆಲಸ ಮಾಡುತ್ತಿರಲಿಲ್ಲ.

ಮನೆಯ ಇತರ ಏರ್ಪಾಡು ಬೇಗ ಮುಗಿಯಿತು. ಪೈಪ್ ಗ್ಯಾಸಿನ ಮುಖ್ಯ ವಾಲ್ವು ರಾತ್ರಿ ಬಂದ್. ಹೊರಬಾಗಿಲಿಗೆ ಮೇಲೆ ಎರಡನೆಯ ಚಿಲಕ. ಬನಿಯನ್ನಿನ ಒಳಗೆ ಹೊಲಿದ ಬಟ್ಟೆಯ ಮೇಲೆ ಎರಡು ಫೋನ್ ನಂಬರ್, ಯಾಕೆಂದರೆ ಕಾರ್ಡನ್ನು ಬಿಸಾಡುತ್ತಾರೆ. ರೈಲಿನಲ್ಲಿ ತಪ್ಪಿದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ, ಕೈಯಲ್ಲಿ ಈ ತಿಂಗಳ ಫೋಟೋ.

“ಊರಿಗೆ ಕಳಿಸಿದರೆ ಹಳೆಯ ಜಾಗ, ಸರಿ ಹೋದಾರು” ಎಂಬುದು ಮುಂಬಯಿಯ ಪ್ರತಿ ಕರಾವಳಿ ಕುಟುಂಬದ ಆಸೆ. ಹದಿನೈದು ದಿನಕ್ಕೆ ಹೋಗಿ ಬರಲು ಅಡ್ಡಿ ಇಲ್ಲ, ಹೆಂಡತಿ ಜೊತೆಗಿದ್ದರೆ. ಮತ್ಸ್ಯಗಂಧ ರೈಲಿನಲ್ಲಿ ಬಾಗಿಲ ಕಡೆಯ ಬರ್ತು ಬೇಡ, ನಡುರಾತ್ರಿ ಯಾವುದೋ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತಾರೆ. ಊರಿನ ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿಸಿ ಆಮೇಲೆ ಹೊರಡಬೇಕು. ಬಾಲ್ಯದ ಬಾವಿಕಟ್ಟೆ ಇವರಿಗೆ ನೆನಪಿರುತ್ತದೆ, ತನಗೆ ವಯಸ್ಸಾಗಿದೆ ಎಂಬುದು ನೆನಪಿರುವುದಿಲ್ಲ.

ಮೂರು ದಿನದ ಕೂಗಾಟ

ಹದಿನಾಲ್ಕನೇ ತಿಂಗಳಲ್ಲಿ ಹೆಂಡತಿಯಿಂದ ಫೋನ್: “ಇವರು ಮೂರು ದಿನದಿಂದ ಮಲಗಿಲ್ಲ, ಸೊಸೆ ದುಡ್ಡು ಕದ್ದಳು ಅಂತ ಹೊಡಿಲಿಕ್ಕೆ ಹೋಗ್ತಾರೆ.” ದುಡ್ಡು ಕದ್ದರೆಂಬ ಅನುಮಾನ ಈ ಕಾಯಿಲೆಯಲ್ಲಿ ಇದ್ದದ್ದೇ. ತಾವೇ ಬಚ್ಚಿಟ್ಟದ್ದು ನೆನಪಿಲ್ಲದಾಗ ಮನಸ್ಸು ಒಬ್ಬ ಕಳ್ಳನನ್ನು ಹುಡುಕುತ್ತದೆ. ಮೂರೇ ದಿನದಲ್ಲಿ ಆದದ್ದು ಮಾತ್ರ ಕಾಯಿಲೆ ಏರಿದ್ದಲ್ಲ. ಆಲ್ಝೈಮರ್ ತಿಂಗಳುಗಳಲ್ಲಿ ನಡೆಯುತ್ತದೆ. ದಿನಗಳಲ್ಲಿ ಕೆಟ್ಟರೆ ಅದು ಡೆಲಿರಿಯಂ ಎಂಬ ಹಠಾತ್ ಗೊಂದಲ, ಅದಕ್ಕೆ ದೇಹದಲ್ಲಿ ಬೇರೆ ಕಾರಣ ಇರುತ್ತದೆ.

ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಕೂಗಾಟ ಅಡಗಿಸಲು ಹ್ಯಾಲೊಪೆರಿಡಾಲ್ ಇಂಜೆಕ್ಷನ್ ತಯಾರಾಗಿತ್ತು. ಹೊಟ್ಟೆಯ ಕೆಳಭಾಗ ಮುಟ್ಟಿದರೆ ಕಲ್ಲಿನ ಹಾಗಿತ್ತು. ಕ್ಯಾಥೆಟರ್ ಹಾಕಿದಾಗ 700 ಮಿ.ಲೀ. ಮೂತ್ರ ಬಂತು, ಅರ್ಧ ಗಂಟೆಯಲ್ಲಿ ಮೈ ಸಡಿಲವಾಯಿತು. ಐದು ದಿನದ ಹಿಂದೆ ನೆಗಡಿಗೆಂದು ಅಂಗಡಿಯಿಂದ ತಂದ ಕೆಮ್ಮಿನ ಸಿರಪ್ ದಿನಕ್ಕೆ ಮೂರು ಸಲ ಕೊಟ್ಟಿದ್ದರು, ಅದರಲ್ಲಿ ಕ್ಲೋರ್‌ಫೆನಿರಮಿನ್. ಮೊದಲು ತೆಗೆದುಹಾಕಿದ ಎರಡು ಮಾತ್ರೆಗಳ ಜಾತಿಯದೇ ಅದೂ. ಊದಿದ ಪ್ರಾಸ್ಟೇಟಿಗೆ ಅಷ್ಟು ಸಾಕಾಯಿತು. ಜೊತೆಗೆ ನಾಲ್ಕು ದಿನದ ಮಲಬದ್ಧತೆ. ಸಿರಪ್ ನಿಂತು, ಎನಿಮಾ ಆಗಿ, ನಾಲ್ಕನೇ ದಿನ ಕ್ಯಾಥೆಟರ್ ತೆಗೆದೆವು. ಮಾತು ಮೊದಲಿನ ಹದಕ್ಕೆ ಬರಲು ಎರಡು ವಾರ ಹಿಡಿಯಿತು.

ಮನೋವಿಕಾರದ ಮಾತ್ರೆಗಳು ಬೇಡವೇ ಬೇಡ ಎಂದಲ್ಲ. ನೋವು, ಸೋಂಕು, ಮೂತ್ರ, ಮಲ, ಹೊಸ ಔಷಧ ಇವೆಲ್ಲ ನೋಡಿದ ಮೇಲೂ ತನಗೋ ಇತರರಿಗೋ ಅಪಾಯ ಇದ್ದರೆ ರಿಸ್ಪೆರಿಡೋನ್ 0.25 ಮಿ.ಗ್ರಾಂನಿಂದ ಶುರು ಮಾಡಿ, ಆರು ವಾರಕ್ಕೆ ಬಿಡಿಸಲು ನೋಡಬೇಕು. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಈ ವರ್ಗದ ಔಷಧಗಳಿಂದ ಸಾವು ಹೆಚ್ಚುತ್ತದೆ ಎಂದು ಎಫ್.ಡಿ.ಎ. 2005ರಲ್ಲೇ ಎಚ್ಚರಿಸಿದೆ. ಕುಟುಂಬದವರಿಗೆ ಇದನ್ನು ಹೇಳಿಯೇ ಕೊಡಬೇಕು.

ಆ ವಾರ ಹೆಚ್ಚು ಜಜ್ಜಿಹೋದದ್ದು ಸೊಸೆ. ಕಳ್ಳಿ ಎನಿಸಿಕೊಂಡವಳೇ ಅನ್ನ ಬಡಿಸಬೇಕು. ಭಾನುವಾರ ಪೂರ್ತಿ ಮಗನ ಪಾಳಿ, ವಾರಕ್ಕೆ ಮೂರು ಮಧ್ಯಾಹ್ನ ನೋಡಿಕೊಳ್ಳುವ ಕೆಲಸದಾಕೆ ಎಂದು ಗೊತ್ತು ಮಾಡಿ ಔಷಧದ ಚೀಟಿಯ ಮೇಲೇ ಬರೆದುಕೊಟ್ಟೆವು, ಬರೆದದ್ದಕ್ಕೆ ಮನೆಯಲ್ಲಿ ಬೆಲೆ ಜಾಸ್ತಿ. ಆಲ್ಝೈಮರ್ ಸಂಬಂಧದ ಎ.ಆರ್.ಡಿ.ಎಸ್.ಐ. ಸಂಸ್ಥೆಯ ಮುಂಬಯಿ ಶಾಖೆ, ಹಿರಿಯರ ಸಹಾಯವಾಣಿ 14567, ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ 14416 ಇವನ್ನೂ ಕೆಳಗೆ ಸೇರಿಸಿದೆವು.

ಈಗ ಇಪ್ಪತ್ತೆರಡನೇ ತಿಂಗಳು. ವಯಸ್ಸು 73, ತೂಕ 56 ಕಿಲೋ, ಎಂ.ಎಂ.ಎಸ್.ಇ. 18. ಸ್ನಾನಕ್ಕೆ ನೆನಪಿಸಬೇಕು, ಬಟ್ಟೆ ಆರಿಸಿ ಕೊಡಬೇಕು. ಆಲ್ಝೈಮರ್‌ನ ಇನ್ನೊಂದು ಮಾತ್ರೆ ಮೆಮ್ಯಾಂಟಿನ್ ಸೇರಿಸುವ ಹೊತ್ತು. ಕ್ರಿಯಾಟಿನಿನ್ 1.3, ಲೆಕ್ಕ ಹಾಕಿದರೆ ಕಿಡ್ನಿ ನಿಮಿಷಕ್ಕೆ 40 ಮಿ.ಲೀ. ಶೋಧಿಸುತ್ತಿದೆ; 30ಕ್ಕಿಂತ ಮೇಲಿರುವುದರಿಂದ ಪೂರ್ಣ ಪ್ರಮಾಣಕ್ಕೆ ಹೋಗಬಹುದು. ವಾರಕ್ಕೆ 5 ಮಿ.ಗ್ರಾಂನಂತೆ ಏರಿಸಿ ನಾಲ್ಕನೇ ವಾರಕ್ಕೆ ದಿನಕ್ಕೆ 20. ಇದೇ ಕಿಡ್ನಿಯ ಕಾರಣಕ್ಕೆ ಮೆಟ್‌ಫಾರ್ಮಿನ್ 500 ಮಿ.ಗ್ರಾಂ ದಿನಕ್ಕೆರಡಕ್ಕಿಂತ ಮೇಲೆ ಬೇಡ. ಬೀದಿ ಮೂಲೆಯ ಔಷಧದಂಗಡಿಯವರಿಗೂ ಒಂದು ಚೀಟಿ ಹೋಗಿದೆ, ಗಾಜಿನ ಒಳಗೆ ಅಂಟಿಸಿಕೊಂಡಿದ್ದಾರೆ: ಈ ಮನೆಯವರು ನೆಗಡಿ, ಅಲರ್ಜಿ, ನಿದ್ದೆ, ಮೂತ್ರ, ಹೊಟ್ಟೆನೋವು ಎಂದು ಏನು ಕೇಳಿದರೂ ಮೊದಲು ಫೋನ್ ಮಾಡಿ.